ಏಕತಾರಿಯಿಂದ ಗಿಟಾರಿಗೆ
ತತ್ತ್ವಪದವನ್ನು ಪಠ್ಯದಲ್ಲಿ ಓದುವಾಗ ಅದು ಹಾಡಾಗಿ ಹುಟ್ಟಿದ್ದೆಂಬುದು ಮರೆತುಹೋಗುತ್ತದೆ. ಪಲ್ಲವಿ ಮರಳಿ ಮರಳಿ ಬರುವ ಅದರ ಕಟ್ಟು ಏಕತಾರಿಗೂ ಒದಗುತ್ತದೆ, ಗಿಟಾರಿಗೂ ಒದಗುತ್ತದೆ. ಗಾಯಕ ರಘು ದೀಕ್ಷಿತ್ ಇದಕ್ಕೆ ನಿದರ್ಶನ.

ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಅವರು ಭರತನಾಟ್ಯ ಕಲಿತವರು. ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವೀಧರರು. ಗಿಟಾರನ್ನು ತಾವಾಗಿಯೇ ಕಲಿತರು. 2008ರ ಮೊದಲ ಧ್ವನಿಸಂಪುಟದಲ್ಲಿ ಹಿಂದಿ, ಇಂಗ್ಲಿಷ್ ಗೀತೆಗಳೊಡನೆ ಶಿಶುನಾಳ ಶರೀಫರ (1819–1889) ಪದಗಳನ್ನೂ ಹಾಡಿದರು. ರಾಕ್, ಜಾನಪದ, ಸುಗಮ ಸಂಗೀತ, ಯಾವ ಹೆಸರೂ ಆ ಗಾಯನಕ್ಕೆ ಪೂರ್ತಿಯಾಗಿ ಒಪ್ಪದು. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆಯನ್ನೇರಿತು.

ರಾಯದುರ್ಗ, ಮಡಕಶಿರಗಳಲ್ಲಿ ತೆಲುಗಿನ ನಡುವೆ ಕನ್ನಡ ಐಚ್ಛಿಕ ಓದುವ ನಿಮ್ಮನ್ನು "ಇದರಿಂದೇನು ಪ್ರಯೋಜನ?" ಎಂದು ಕೇಳುವವರುಂಟು. ಮುಂದಿನ ತರಗತಿಗೆ ಶರೀಫರ ಒಂದು ಪದ ಕಲಿತು ಬನ್ನಿ; ಹಾಡಿದ ಮೇಲೆ ಉತ್ತರ ಹುಡುಕೋಣ.