ಸಣ್ಣ ಮನೆಗೆ ಡಿಸೈನರ್ ಯಾಕೆ ಬೇಕು? ಸೇಡಂ–ಶಹಾಬಾದ್ ಭಾಗದಲ್ಲಿ ಮನೆ ಕಟ್ಟುವವರು ತಿಳಿದಿರಬೇಕಾದ ಸಂಗತಿಗಳು

"ಸಿಮೆಂಟ್ ನಮ್ಮೂರಾಗೇ ತಯಾರಾಗ್ತದ, ಕಲ್ಲು ನಮ್ಮ ಕಡಿನೇ ಸಿಗ್ತದ, ಗೌಂಡಿ ಮನಿ ಬಾಜೂಕೇ ಇದ್ದಾನ. ಮತ್ತ ಡಿಸೈನರ್ ಯಾಕ್ ಬೇಕ್ರಿ?" ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಮನೆ ಕಟ್ಟುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಭಾಗದಲ್ಲಿ ಒಂದು ಮನೆ ಎಷ್ಟು ವರ್ಷ ಚೆನ್ನಾಗಿರುತ್ತದೆ ಎಂಬುದನ್ನು ಸಿಮೆಂಟ್, ಕಲ್ಲುಗಳಷ್ಟೇ ನಿರ್ಧರಿಸುವುದಿಲ್ಲ. ಕೆಳಗಿನ ಮಣ್ಣು, ಮೇಲಿನ ಬಿಸಿಲು, ಆಗೊಮ್ಮೆ ಈಗೊಮ್ಮೆ ನಡುಗುವ ಭೂಮಿ, ಇವು ಮೂರೂ ಲೆಕ್ಕಕ್ಕೆ ಬರುತ್ತವೆ. ಮೊಬೈಲ್‌ನಲ್ಲಿ ತೋರಿಸುವ ಬಣ್ಣಬಣ್ಣದ 3ಡಿ ಚಿತ್ರದಲ್ಲಿ ಈ ಮೂರೂ ಕಾಣುವುದಿಲ್ಲ.

ಡಿಸೈನರ್, ಆರ್ಕಿಟೆಕ್ಟ್, ಎಂಜಿನಿಯರ್: ಎಲ್ಲರೂ ಒಂದೇನಾ?

ಅಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ 'ಆರ್ಕಿಟೆಕ್ಟ್' ಎಂದು ಹೆಸರಿನ ಜೊತೆ ಹಾಕಿಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ 'ಸಿಎ' ಎಂದು ಶುರುವಾಗುತ್ತದೆ. ಅದನ್ನು ಕೌನ್ಸಿಲ್‌ನ ಜಾಲತಾಣದಲ್ಲಿ ಪರೀಕ್ಷಿಸಬಹುದು. ಈ ಕಾಯ್ದೆ ಕಾಪಾಡುವುದು ಹೆಸರನ್ನು ಮಾತ್ರ, ಬೇರೆಯವರು ಕಟ್ಟಡದ ವಿನ್ಯಾಸ ಮಾಡುವುದನ್ನು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂದರೆ 'ಡಿಸೈನರ್' ಎಂಬ ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಬೋರ್ಡ್ ನೋಡಿ ನಂಬುವ ಮೊದಲು ಓದು, ನೋಂದಣಿ, ಕಟ್ಟಿಸಿದ ಮನೆಗಳು, ಈ ಮೂರನ್ನೂ ಕೇಳಬೇಕು.

ಕೋಣೆ, ಗಾಳಿ, ಬೆಳಕಿನ ಹೊಂದಾಣಿಕೆ ಆರ್ಕಿಟೆಕ್ಟ್ ಕೆಲಸ. ಪಾಯ, ಕಂಬ, ತೊಲೆ, ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಅದನ್ನು ಅಚ್ಚುಕಟ್ಟಾಗಿ ಕಟ್ಟುವುದು ಗೌಂಡಿಯ ಕೈಚಳಕ. ಒಬ್ಬರ ಕೆಲಸವನ್ನು ಇನ್ನೊಬ್ಬರು ಊಹೆಯ ಮೇಲೆ ಮಾಡಿದಾಗಲೇ ತೊಂದರೆ.

ಕೆಳಗೆ ಎರೆಮಣ್ಣು

ತೊಗರಿಗೆ ವರವಾದ ನಮ್ಮ ಎರೆಭೂಮಿ ಮನೆಗೆ ಕಷ್ಟದ ನೆಲ. ಇದರಲ್ಲಿರುವ ಮಾಂಟ್‌ಮೊರಿಲೋನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದು ಇದರಿಂದಲೇ. ಮೇಲ್ಪದರದಲ್ಲೇ ನಿಂತ ಪಾಯವೂ ಮಣ್ಣಿನ ಜೊತೆ ಏರಿಳಿಯುತ್ತದೆ. ಆಗ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಸಿಮೆಂಟ್ ಎಷ್ಟೇ ಒಳ್ಳೆಯದಿದ್ದರೂ ಇದು ನಿಲ್ಲದು.

ಆಳದಲ್ಲಿ ಈ ಏರಿಳಿತ ಕಡಿಮೆ. ಹಾಗಾಗಿ ಆಳವಾದ ಎರೆಮಣ್ಣಿನಲ್ಲಿ, ಬುಡ ಅಗಲವಾಗಿರುವ 'ಅಂಡರ್ ರೀಮ್ಡ್ ಪೈಲ್'ಗಳನ್ನು ಕನಿಷ್ಠ 3.5 ಮೀಟರ್ ಆಳಕ್ಕೆ ಇಳಿಸಬೇಕು ಎನ್ನುತ್ತದೆ ಭಾರತೀಯ ಮಾನಕ. ಕೆಲವೆಡೆ ಮಣ್ಣಿನ ಪದರ ತೆಳುವಾಗಿದ್ದು ಬೇಗ ಸುಣ್ಣಕಲ್ಲು ಸಿಗುತ್ತದೆ. ಅಲ್ಲಿ ಪಾಯವನ್ನು ಕಲ್ಲಿನ ಮೇಲೇ ಕೂರಿಸಬಹುದು. ಪಕ್ಕದ ಮನೆಗೆ ನಾಲ್ಕು ಅಡಿಗೆ ಕಲ್ಲು ಸಿಕ್ಕಿದರೆ ನಮಗೂ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: "ನಮ್ಮ ಜಾಗದಲ್ಲಿ ಗುಂಡಿ ತೋಡಿಸಿ ಮಣ್ಣು ನೋಡುತ್ತೀರಾ?" ಬೇಡ ಎಂದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಮೇಲೆ ಬಿಸಿಲು

ಶಹಾಬಾದ್ ಕಲ್ಲು ಹಾಕಿದರೆ ಮನೆ ತಂಪು ಎಂಬ ನಂಬಿಕೆ ಅರ್ಧ ಸತ್ಯ. ಕಲ್ಲು ಅಂಗಾಲಿನ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ನೆಲ ತಣ್ಣಗೆನಿಸುತ್ತದೆ. ಅದೇ ಕಲ್ಲನ್ನು ಬಿಸಿಲಿಗೆ ಬಿದ್ದ ಮಾಳಿಗೆಗೆ ಹಾಸಿದರೆ ಶಾಖ ಒಳಗೆ ಇಳಿಯದಂತೆ ಅದು ತಡೆಯದು. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ಹೆಚ್ಚು ಕಾಯುವುದು ಮಾಳಿಗೆ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಪಶ್ಚಿಮದ ಗೋಡೆಗೆ ಸಜ್ಜಾ ಹಾಕಿದರೂ ಪ್ರಯೋಜನ ಕಡಿಮೆ. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಗಳನ್ನು ಪಶ್ಚಿಮಕ್ಕೆ ಇಟ್ಟು, ಮಾಳಿಗೆಗೆ ಬಿಸಿಲು ಹಿಂದಿರುಗಿಸುವ ಬಿಳಿ ಲೇಪ ಕೊಟ್ಟರೆ ಮಲಗುವ ಕೋಣೆ ಎಷ್ಟೋ ಹಗುರ. ಕೋಣೆಗಳ ಜಾಗ ಕಾಗದದ ಮೇಲೆ ಬದಲಿಸಿದರೆ ಖರ್ಚಿಲ್ಲ, ಗೋಡೆ ಎದ್ದ ಮೇಲೆ ಬದಲಿಸಲಾಗದು. ವಾಸ್ತು ನೋಡುವವರಾದರೆ ಅದನ್ನೂ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ನಡುಗುವ ನೆಲ

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಭೂಮಿ ಕಂಪಿಸಿ, ಜನ ಮನೆಯೊಳಗೆ ಮಲಗಲು ಹೆದರಿದ್ದರು. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪಕ್ಕೆ ಸಾವಿರಾರು ಜನ ಸತ್ತರು. ಅಲ್ಲಿ ಹೆಚ್ಚಾಗಿ ಕುಸಿದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಳಿಗೆಯ ಮನೆಗಳು. ಗೋಡೆ ದಪ್ಪವಿದ್ದರೆ ಮನೆ ಗಟ್ಟಿ ಎಂಬುದು ಇಲ್ಲಿ ಸುಳ್ಳಾಯಿತು. ಗೋಡೆಗಳೆಲ್ಲ ಒಂದಕ್ಕೊಂದು ಬೆಸೆದಿರಬೇಕು. ಅದಕ್ಕೇ ಪಾಯದ ಮೇಲೆ, ಬಾಗಿಲು-ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಡಿಯದೆ ಸಾಗುವ ಕಾಂಕ್ರೀಟ್ ಪಟ್ಟಿ ಬೇಕು. ನಕ್ಷೆಯಲ್ಲಿ ಅದು ಇದೆಯೇ ಎಂದು ಬೆರಳಿಟ್ಟು ಕೇಳಿ.

ಹುಡುಕುವುದು ಹೇಗೆ? ಒಪ್ಪಂದದಲ್ಲಿ ಏನಿರಬೇಕು?

ಹೊಸ ಮನೆ ನೋಡಿ ಮರುಳಾಗಬೇಡಿ. ಅವರು ಮೂರ್ನಾಲ್ಕು ವರ್ಷದ ಹಿಂದೆ ಕಟ್ಟಿಸಿದ, ನಿಮ್ಮಂಥದ್ದೇ ಮಣ್ಣಿನ ಮೇಲಿರುವ ಮನೆಗೆ ಹೋಗಿ. ಸಾಧ್ಯವಾದರೆ ಬೇಸಿಗೆಯ ಮಧ್ಯಾಹ್ನವೇ ಹೋಗಿ. ಬಿರುಕು, ಸೋರಿಕೆ, ಸೆಖೆಯ ಬಗ್ಗೆ ಮನೆಯವರನ್ನೇ ಕೇಳಿ. ನಮ್ಮ ಊರಲ್ಲಿ ಯಾರೂ ಸಿಗದಿದ್ದರೆ ಕಲಬುರಗಿಯಲ್ಲಿ ವಿಚಾರಿಸಬಹುದು.

ಒಪ್ಪಿಕೊಂಡದ್ದನ್ನು ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳಿ:

- ಯಾವ್ಯಾವ ನಕ್ಷೆ ಕೊಡುತ್ತಾರೆ: ಅನುಮತಿಯ ನಕ್ಷೆ, ಕಂಬಿಯ ವಿವರ, ನೀರು-ವಿದ್ಯುತ್ ನಕ್ಷೆ.
- ಕಂಬಿಯ ಲೆಕ್ಕಕ್ಕೆ ಯಾರ ಸಹಿ ಇರುತ್ತದೆ.
- ಎಷ್ಟು ಸಲ ಜಾಗಕ್ಕೆ ಬರುತ್ತಾರೆ. ಪಾಯ ತೋಡಿದಾಗ, ಸ್ಲ್ಯಾಬ್‌ನ ಕಂಬಿ ಕಟ್ಟಿದಾಗ ಬರಲೇಬೇಕು.
- ಶುಲ್ಕ ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು. ಪೂರ್ತಿ ಹಣ ಮುಂಗಡ ಬೇಡ.

ಅನುಮತಿಗಾಗಿ ಮಾಡಿಸಿದ ನಕ್ಷೆ ಕಟ್ಟುವ ನಕ್ಷೆಯಲ್ಲ ಎಂಬುದೂ ನೆನಪಿರಲಿ. ಪುರಸಭೆಗೆ ಬೇಕಾಗುವುದು ಜಾಗದ ಅಳತೆ, ಬಿಟ್ಟ ಸ್ಥಳ, ಎತ್ತರ ಇತ್ಯಾದಿ. ಯಾವ ಕಂಬಕ್ಕೆ ಎಷ್ಟು ಕಂಬಿ ಎಂಬುದು ಗೌಂಡಿಯ ಕೈಗೆ ಸಿಗಬೇಕಾದ ಬೇರೆಯೇ ಹಾಳೆ.

ಹಾಗಾದರೆ ಸಣ್ಣ ಮನೆಗೆ ದುಬಾರಿ ಡಿಸೈನರ್ ಬೇಕೇ? ಅಲಂಕಾರಕ್ಕೆ ಬೇಡ. ಮಣ್ಣು ನೋಡಿ ಪಾಯ ಹೇಳುವ, ಬಿಸಿಲು ನೋಡಿ ಕೋಣೆ ಇಡುವ, ಕಂಬಿ ಲೆಕ್ಕ ಹಾಕಿ ಸಹಿ ಮಾಡುವ ಒಬ್ಬ ಜವಾಬ್ದಾರರು ಮಾತ್ರ ಬೇಕೇ ಬೇಕು. ಎಲಿವೇಶನ್‌ಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲು ಅವರಿಗೆ ಕೊಡಿ.