ಖಾಲಿ ಕಾಲಂ ಕೂಡ ಲೆಕ್ಕವೇ: ಸ್ವೀಡನ್ನಿನ ಎರ್ಲಾಂಗ್ ಭಾಷೆ ಸಾಲನ್ನು ಒಡೆಯುವ ಬಗೆ

ಡ್ರೈವರ್ ಒಬ್ಬನಿಗೆ ತಿಂಗಳ ಕೊನೆಗೆ 2750 ದಿರ್ಹಂ ಬರಬೇಕಿತ್ತು, ಖಾತೆಗೆ ಬಿದ್ದದ್ದು 1850 ಎಂದಿಟ್ಟುಕೊಳ್ಳೋಣ. ಮೊದಲ ಅನುಮಾನ ಕಂಪನಿಯ ಮೇಲೆ, ಎರಡನೆಯದು ಬ್ಯಾಂಕಿನ ಮೇಲೆ. ಆದರೆ ಯಾರೂ ಬೇಕಂತಲೇ ಕೈ ಹಾಕದೆಯೂ 900 ದಿರ್ಹಂ ಮಾಯವಾಗಬಹುದು. ಅದಕ್ಕೆ ಸಂಬಳದ ಫೈಲಿನಲ್ಲಿ ಅಕ್ಕಪಕ್ಕ ಕೂತ ಎರಡು ಕಾಮಾ ಸಾಕು.

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ಲೆಕ್ಕ ಹೆಚ್ಚಾಗಿ ಸಾದಾ ಅಕ್ಷರದ ಸಾಲಿನ ರೂಪದಲ್ಲಿರುತ್ತದೆ. ಯುಎಇಯಲ್ಲಿ 2009ರಲ್ಲಿ ಶುರುವಾದ ವೇತನ ಸಂರಕ್ಷಣಾ ವ್ಯವಸ್ಥೆಯನ್ನೇ ನೋಡಿ. ಕಂಪನಿ ಬ್ಯಾಂಕಿಗೆ ಕಳಿಸುವ ಸಂಬಳದ ಫೈಲಿನಲ್ಲಿ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಸಾಲು. ಒಂದು ವಿವರಕ್ಕೂ ಮುಂದಿನ ವಿವರಕ್ಕೂ ನಡುವೆ ಕಾಮಾ. ಆ ಕಾಮಾ ಇದ್ದಲ್ಲಿ ಸಾಲನ್ನು ಒಡೆದು ಒಂದೊಂದು ತುಂಡನ್ನೂ ಅದರದರ ಕಾಲಂಗೆ ಹಾಕುವುದು ಪ್ರೋಗ್ರಾಂನ ಕೆಲಸ. ಕೇಳಲು ಸುಲಭ, ಎಡವುವುದೂ ಅಲ್ಲೇ.

ಫೋನ್ ಕಂಪನಿಯಿಂದ ಬಂದ ಭಾಷೆ

ಈ ಎಡವಟ್ಟನ್ನು ಅರ್ಥ ಮಾಡಿಕೊಳ್ಳಲು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಒಳ್ಳೆಯ ಉದಾಹರಣೆ. ಇದು ಹುಟ್ಟಿದ್ದು ಸ್ವೀಡನ್ನಿನಲ್ಲಿ. 1876ರಲ್ಲಿ ಆರಂಭವಾದ ಎರಿಕ್ಸನ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ 1986ರ ಸುಮಾರಿಗೆ ಇದನ್ನು ಕಟ್ಟಲು ತೊಡಗಿದರು. ಟೆಲಿಫೋನ್ ಎಕ್ಸ್‌ಚೇಂಜ್ ಒಂದು ಕ್ಷಣವೂ ನಿಲ್ಲಬಾರದು, ಒಬ್ಬರ ಕರೆ ಕಡಿದರೆ ಉಳಿದವರ ಕರೆ ಕಡಿಯಬಾರದು ಎಂಬುದೇ ಉದ್ದೇಶ. 1998ರಲ್ಲಿ ಕಂಪನಿ ಈ ಭಾಷೆಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಗಲ್ಫಿನ ರೂಮುಗಳಿಂದ ದಿನಾ ಊರಿಗೆ ಹೋಗುವ ವಾಟ್ಸ್ಆಪ್ ಮೆಸೇಜುಗಳನ್ನು ಸಾಗಿಸುವ ಸರ್ವರ್‌ಗಳನ್ನು ಕಟ್ಟಿದ್ದೂ ಇದೇ ಭಾಷೆಯಲ್ಲಿ.

ಎರ್ಲಾಂಗ್‌ನಲ್ಲಿ ಬರಹ ಎಂದರೆ ಸಾಮಾನ್ಯವಾಗಿ ಅಂಕಿಗಳ ಒಂದು ಸಾಲು. ಕಾಮಾಗೆ 44, ಸೆಮಿಕೋಲನ್‌ಗೆ 59, ಖಾಲಿ ಜಾಗಕ್ಕೆ 32. ಹೀಗಾಗಿ "ಕಾಮಾದಲ್ಲಿ ಒಡೆ" ಅಂದರೆ "44 ಕಂಡಲ್ಲಿ ಕತ್ತರಿಸು" ಅಂತ ಅಷ್ಟೇ. ಆದರೆ ಎರಡು 44 ಒಟ್ಟೊಟ್ಟಿಗೆ ಬಂದರೆ ನಡುವೆ ಏನೂ ಇಲ್ಲ ಎನ್ನಬೇಕೋ, ನಡುವೆ ಒಂದು ಖಾಲಿ ಕಾಲಂ ಇದೆ ಎನ್ನಬೇಕೋ?

900 ದಿರ್ಹಂ ಹೋದದ್ದು ಹೀಗೆ

ಆ ಡ್ರೈವರ್‌ನ ಸಾಲಿನಲ್ಲಿ ಆರು ಕಾಲಂ ಇವೆ ಎನ್ನಿ: ಕಾರ್ಡ್ ನಂಬರ್, ಕೆಲಸ, ಮೂಲ ಸಂಬಳ, ಓವರ್‌ಟೈಮ್, ಕಡಿತ, ಟಿಕೆಟ್ ಭತ್ಯೆ.

1043,ಡ್ರೈವರ್,2000,300,,450

ಕಡಿತ ಏನೂ ಇಲ್ಲ, ಆದ್ದರಿಂದ ಐದನೇ ಜಾಗ ಖಾಲಿ. ಎರ್ಲಾಂಗ್‌ನ ಹಳೆಯ "ಟೋಕನ್ಸ್" ಎಂಬ ಆಜ್ಞೆ ಈ ಸಾಲನ್ನು ಒಡೆದರೆ ಸಿಗುವುದು ಐದೇ ತುಂಡು: 1043, ಡ್ರೈವರ್, 2000, 300, 450. ಖಾಲಿ ತುಂಡನ್ನು ಅದು ಎಸೆದುಬಿಡುತ್ತದೆ. 450 ಒಂದು ಹೆಜ್ಜೆ ಹಿಂದೆ ಸರಿದು ಕಡಿತದ ಕಾಲಂನಲ್ಲಿ ಕೂರುತ್ತದೆ. ಕೂಡಬೇಕಾದ ಹಣ ಕಳೆದುಹೋಯಿತು: 2000 ಮತ್ತು 300 ಕೂಡಿ 450 ಕಳೆದರೆ 1850. ಸರಿಯಾದ ಲೆಕ್ಕ 2000, 300, 450 ಮೂರನ್ನೂ ಕೂಡಿದ 2750. ತಪ್ಪಿದ್ದು 450ರ ಎರಡರಷ್ಟು.

ಬಸ್ಸಿನ ಸೀಟಿನ ಹಾಗೆ ಇದು. ಐದನೇ ಸೀಟಿನವರು ಬಂದಿಲ್ಲ ಅಂತ ಆ ಸೀಟನ್ನೇ ಕಿತ್ತು ಹಾಕಿದರೆ ಆರನೆಯವರು ಐದರಲ್ಲಿ ಕೂರುತ್ತಾರೆ, ಮುಂದಿನವರದ್ದೆಲ್ಲ ಗೊಂದಲ. ಸೀಟು ಖಾಲಿ ಇರಲಿ, ಆದರೆ ಸೀಟು ಇರಬೇಕು.

ಹಾಗಂತ ಟೋಕನ್ಸ್ ಕೆಟ್ಟದ್ದು ಅಂತಲ್ಲ. ಮೆಸೇಜಿನಲ್ಲಿ ಯಾರೋ "ನಾಳೆ   ಬರ್ತೇನೆ" ಎಂದು ಮೂರು ಸಲ ಸ್ಪೇಸ್ ಒತ್ತಿದರೂ ಪದ ಎರಡೇ. ವಾಕ್ಯವನ್ನು ಪದಗಳಾಗಿ ಬಿಡಿಸುವಾಗ ಖಾಲಿ ತುಂಡು ಬೇಡ. ಈ ಕೆಲಸಕ್ಕೆ 2017ರ ಆವೃತ್ತಿಯಿಂದ "ಲೆಕ್ಸೀಮ್ಸ್" ಎಂಬ ಹೊಸ ಆಜ್ಞೆ ಬಂದಿದೆ. ಕಾಲಂಗಳಿರುವ ಸಾಲಿಗೆ ಬೇಕಾದದ್ದು "ಸ್ಪ್ಲಿಟ್". ಅದು ಖಾಲಿ ಜಾಗವನ್ನು ಖಾಲಿಯಾಗಿಯೇ ಉಳಿಸಿಕೊಂಡು ಆರಕ್ಕೆ ಆರು ತುಂಡು ಕೊಡುತ್ತದೆ.

ಸ್ಪ್ಲಿಟ್‌ನಲ್ಲೂ ಎರಡು ಎಚ್ಚರಿಕೆ ಬೇಕು. "ಆಲ್" ಎಂದು ಹೇಳದಿದ್ದರೆ ಅದು ಮೊದಲ ಕಾಮಾದಲ್ಲಿ ಮಾತ್ರ ಒಡೆದು ನಿಲ್ಲುತ್ತದೆ, ಅಂದರೆ ಸಿಗುವುದು ಎರಡೇ ತುಂಡು. ಇನ್ನೊಂದು, ಕಾಮಾ ಮತ್ತು ಸ್ಪೇಸ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಸ್ಪ್ಲಿಟ್ ಆ ಜೋಡಿ ಹಾಗೆಯೇ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. ಟೋಕನ್ಸ್ ಮತ್ತು ಲೆಕ್ಸೀಮ್ಸ್ ಅವೆರಡರಲ್ಲಿ ಯಾವುದು ಕಂಡರೂ ಕತ್ತರಿಸುತ್ತವೆ.

ಸ್ವೀಡನ್ನಿನ ಕಾಮಾ ಬೇರೆ

ಸ್ವೀಡನ್ನಿನಿಂದ ಬರುವ ಫೈಲಿನಲ್ಲಿ ಇನ್ನೊಂದು ತೊಡಕಿದೆ. ಊರಿನಲ್ಲಿ 12,500.50 ಎಂದು ಬರೆಯುವುದನ್ನು ಅಲ್ಲಿ 12 500,50 ಎಂದು ಬರೆಯುತ್ತಾರೆ. ಸಾವಿರಕ್ಕೆ ಸ್ಪೇಸ್, ಪೈಸೆಯ ಜಾಗಕ್ಕೆ ಕಾಮಾ. ಅದಕ್ಕೇ ಸ್ವೀಡಿಷ್ ಸೆಟ್ಟಿಂಗ್ ಇರುವ ಎಕ್ಸೆಲ್ ಇಂಥ ಫೈಲನ್ನು ಉಳಿಸುವಾಗ ಕಾಲಂಗಳ ನಡುವೆ ಕಾಮಾ ಬದಲು ಸೆಮಿಕೋಲನ್ ಹಾಕುತ್ತದೆ:

2024-05-02;ಮನೆ ಬಾಡಿಗೆ;8500,50

ಇದನ್ನು ಕಾಮಾದಲ್ಲಿ ಒಡೆದರೆ 50 ಓರೆ ಬೇರೆ ತುಂಡಾಗಿ ಹೋಗುತ್ತದೆ, ದಿನಾಂಕ, ವಿವರ, 8500 ಎಲ್ಲ ಒಂದೇ ತುಂಡಿನಲ್ಲಿ ಉಳಿಯುತ್ತವೆ. ಕಾಮಾವನ್ನು ಸುಮ್ಮನೆ ಅಳಿಸಿದರೆ ಇನ್ನೂ ಕಷ್ಟ: ಎಂಟೂವರೆ ಸಾವಿರ ಕ್ರೋನಾದ ಬಾಡಿಗೆ ಎಂಟೂವರೆ ಲಕ್ಷ ದಾಟುತ್ತದೆ. ಗಂಡ ದುಬೈಯಲ್ಲಿ, ಮಗಳು ಸ್ಟಾಕ್‌ಹೋಮಿನಲ್ಲಿ, ಮನೆಯ ಲೆಕ್ಕ ಒಂದೇ ಶೀಟಿನಲ್ಲಿ ಎನ್ನುವ ಕುಟುಂಬಗಳು ಇದನ್ನು ನೆನಪಿಡಬೇಕು. ಫೈಲ್ ತೆರೆಯುವ ಮೊದಲು ಕಾಲಂ ಬಿಡಿಸುವ ಗುರುತು ಯಾವುದು, ದಶಮಾಂಶದ ಗುರುತು ಯಾವುದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ವಿಳಾಸದ ಒಳಗೇ ಕಾಮಾ ಇದ್ದರೆ, ಉದಾಹರಣೆಗೆ "ಕಾಪು, ಉಡುಪಿ", ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ರೂಢಿ. ಬರೀ ಸ್ಪ್ಲಿಟ್‌ಗೆ ಈ ಚಿಹ್ನೆ ತಿಳಿಯುವುದಿಲ್ಲ, ಒಳಗಿನ ಕಾಮಾದಲ್ಲೂ ಕತ್ತರಿಸುತ್ತದೆ. ಅಂಥ ಫೈಲಿಗೆ ಅದಕ್ಕಾಗಿಯೇ ಬರೆದ ಲೈಬ್ರರಿ ಬಳಸಬೇಕು.

ತಪ್ಪು ಉತ್ತರಕ್ಕಿಂತ ನಿಲ್ಲುವುದು ಮೇಲು

ಎರ್ಲಾಂಗ್‌ನಲ್ಲಿ ಲೆಕ್ಕದವರು ಮೆಚ್ಚುವ ಗುಣವೊಂದಿದೆ. ಒಡೆದ ಸಾಲಿನಲ್ಲಿ ಆರು ತುಂಡು ಇರಲೇಬೇಕು ಎಂದು ಪ್ರೋಗ್ರಾಂನಲ್ಲಿ ಮೊದಲೇ ಬರೆದಿಡಬಹುದು. ಐದೇ ಸಿಕ್ಕಿದರೆ ಆ ಸಾಲಿನ ಕೆಲಸ ಅಲ್ಲೇ ನಿಲ್ಲುತ್ತದೆ. ಒಂದೊಂದು ಸಾಲನ್ನೂ ಬೇರೆ ಬೇರೆ ಪ್ರಕ್ರಿಯೆಗೆ ಒಪ್ಪಿಸಿದ್ದರೆ ಉಳಿದ ಸಾಲುಗಳಿಗೆ ತೊಂದರೆಯಿಲ್ಲ. ಒಂದು ಕರೆ ಕಡಿದರೂ ಎಕ್ಸ್‌ಚೇಂಜ್ ನಡೆಯಲಿ ಎಂಬ ಹಳೆಯ ಯೋಚನೆಯೇ ಇದು. ತಪ್ಪು ಸಂಬಳ ಖಾತೆಗೆ ಹೋಗುವುದಕ್ಕಿಂತ "ಈ ಸಾಲು ಸರಿಯಿಲ್ಲ" ಎಂದು ಆಫೀಸಿನಲ್ಲೇ ಗೊತ್ತಾಗುವುದು ಎಷ್ಟೋ ವಾಸಿ.

ಒಡೆದ ಮೇಲೂ 2000 ಎಂಬುದು ಇನ್ನೂ ಅಕ್ಷರವೇ, ಸಂಖ್ಯೆಯಲ್ಲ. ಅದನ್ನು ಸಂಖ್ಯೆಯಾಗಿ ಬದಲಿಸಬೇಕು. ಖಾಲಿ ತುಂಡನ್ನು ಸೊನ್ನೆ ಎಂದು ಎಣಿಸಬೇಕೋ, ತಪ್ಪು ಎಂದು ನಿಲ್ಲಿಸಬೇಕೋ ಎಂಬುದನ್ನು ಯಂತ್ರಕ್ಕೆ ಮನುಷ್ಯನೇ ಹೇಳಬೇಕು. ಯುಎಇಯ ಸಂಬಳದ ಫೈಲಿನ ನಿಯಂತ್ರಣ ಸಾಲಿನಲ್ಲಿ ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಹಣ ಎಂದು ಬರೆಯುವುದೂ ಇಂಥ ತಾಳೆಗೇ. ಆದರೆ ತಪ್ಪಿದ ಪ್ರೋಗ್ರಾಂ ತಾನೇ ಕೂಡಿದ ಮೊತ್ತ ಅದರ ಲೆಕ್ಕಕ್ಕೆ ಸರಿಯಾಗಿಯೇ ತಾಳೆಯಾಗುತ್ತದೆ. ಆದ್ದರಿಂದ ಮೊತ್ತವನ್ನು ಬೇರೆ ದಾರಿಯಲ್ಲೂ ಒಮ್ಮೆ ಕೂಡಿ ನೋಡಬೇಕು.

ಪ್ರೋಗ್ರಾಂ ಬರೆಯದ ಕೆಲಸಗಾರನೂ ಒಂದು ಕೆಲಸ ಮಾಡಬಹುದು. ಪೇ ಸ್ಲಿಪ್ ಬಂದಾಗ ಕೆಳಗಿನ ಮೊತ್ತ ಮಾತ್ರ ನೋಡದೆ ಒಂದೊಂದು ಕಾಲಂ ಓದಬೇಕು. ಕಡಿತದ ಜಾಗದಲ್ಲಿ ಗೊತ್ತಿರದ ಸಂಖ್ಯೆ ಇದ್ದು, ಅದೇ ಸಂಖ್ಯೆ ಪಕ್ಕದ ಕಾಲಂನಲ್ಲಿ ಬರಬೇಕಾದ ಭತ್ಯೆಗೆ ಸರಿಹೊಂದಿದರೆ, ಹಣ ಕಳೆದದ್ದಲ್ಲ, ಕಾಲಂ ಸರಿದದ್ದು ಇರಬಹುದು. ಸ್ಲಿಪ್ಪಿನ ಫೋಟೋ ಇಟ್ಟುಕೊಂಡು, ಜಗಳಕ್ಕಿಂತ ಮೊದಲು ಅಕೌಂಟ್ಸ್ ವಿಭಾಗದಲ್ಲಿ "ಈ ಕಾಲಂ ಖಾಲಿ ಇರಬೇಕಿತ್ತಲ್ಲ?" ಎಂದು ಕೇಳಿದರೆ ಹೋದ 900 ದಿರ್ಹಂ ವಾಪಸ್ ಬರುವ ದಾರಿ ಬೇಗ ಸಿಗುತ್ತದೆ.