ಇಕ್ಕಟ್ಟಿನಲ್ಲೂ ನುಸುಳುವ ಗಡ್ಡೆ

ಮಿದುಳಿನ ಗಡ್ಡೆಗಳಲ್ಲಿ ಗ್ಲಿಯೋಬ್ಲಾಸ್ಟೋಮ ಬಲು ಹಠಮಾರಿ. ಕಣ್ಣಿಗೆ ಕಂಡಷ್ಟನ್ನೂ ಸರ್ಜನ್ ತೆಗೆದರೂ ಅದು ಮತ್ತೆ ತಲೆಯೆತ್ತುತ್ತದೆ, ಹೆಚ್ಚಾಗಿ ಹಳೆಯ ಜಾಗದ ಅಂಚಿನಲ್ಲೇ. ಆಪರೇಷನ್ನಿಗೆ ಮೊದಲೇ ಕೆಲವು ಕೋಶಗಳು ಗಡ್ಡೆ ಬಿಟ್ಟು ಸುತ್ತಲಿನ ಮಿದುಳಿನೊಳಗೆ ಸೇರಿಕೊಂಡಿರುತ್ತವೆ. ಕೋಶಗಳು ಒತ್ತೊತ್ತಾಗಿರುವ ಮಿದುಳಿನಲ್ಲಿ ಅವಕ್ಕೆ ದಾರಿ ಸಿಗುವುದಾದರೂ ಹೇಗೆ?

ಉತ್ತರ ಕೋಶದ ಪೊರೆಯಲ್ಲಿದೆ: ಅಲ್ಲಿ ಅಯಾನುಗಳು, ಅಂದರೆ ವಿದ್ಯುದಂಶವುಳ್ಳ ಕಣಗಳು, ಹಾದುಹೋಗುವ ಪ್ರೋಟೀನ್ ಚಾನೆಲ್‌ಗಳಿವೆ. ಬೆಳೆದ ನರಕೋಶಗಳು ತಮ್ಮೊಳಗೆ ಕ್ಲೋರೈಡನ್ನು ಕಡಿಮೆ ಇಟ್ಟುಕೊಳ್ಳುತ್ತವೆ. ಗಡ್ಡೆಯ ಕೋಶ ಹಾಗಲ್ಲ, ಅದನ್ನು ಒಳಗೆ ಎಳೆದು ಕೂಡಿಡುತ್ತದೆ. ನುಸುಳುವ ಹೊತ್ತಿಗೆ ಪೊಟ್ಯಾಸಿಯಂ ಚಾನೆಲ್ಲೂ ಕ್ಲೋರೈಡ್ ಚಾನೆಲ್ಲೂ ತೆರೆದುಕೊಳ್ಳುತ್ತವೆ. ಎರಡೂ ಅಯಾನುಗಳು ಹೊರಬೀಳುತ್ತವೆ, ಅವುಗಳ ಬೆನ್ನಿಗೇ ನೀರೂ ಹೊರಟುಬಿಡುತ್ತದೆ. ಹೀಗೆ ಕೋಶ ಸುಮಾರು ಮೂರನೇ ಒಂದರಷ್ಟು ಕುಗ್ಗಿ, ಸಂದಿಯಲ್ಲಿ ತೂರಿ, ಆಚೆಗೆ ಹೋದಮೇಲೆ ಮತ್ತೆ ಉಬ್ಬುತ್ತದೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಹರಾಲ್ಡ್ ಸೊಂಟ್‌ಹೈಮರ್ ತಂಡ ವರ್ಷಗಟ್ಟಲೆ ಬಿಡಿಸಿದ ಒಗಟು ಇದು. ನನಗೆ ಕ್ಯಾನ್ಸರಿನ ಕುತಂತ್ರಗಳಲ್ಲೇ ಅತ್ಯಂತ ಸರಳವೂ ಅತ್ಯಂತ ಜಾಣತನದ್ದೂ ಅನಿಸುವುದು ಇದೇ: ಬೇಕಾದದ್ದು ಉಪ್ಪು ಮತ್ತು ನೀರು, ಅಷ್ಟೇ.

ಚಾನೆಲ್‌ಗಳಿಂದ ಗಡ್ಡೆಯ ಬೆಳವಣಿಗೆಗೂ ಕುಮ್ಮಕ್ಕಿದೆ. ನರಕೋಶಗಳು ಗಡ್ಡೆಯ ಕೋಶಗಳೊಂದಿಗೆ ನೇರವಾಗಿ ಸಿನಾಪ್ಸ್ (ಸಂಕೇತ ದಾಟಿಸುವ ಸಂಧಿ) ಕಟ್ಟಿಕೊಳ್ಳುತ್ತವೆಂದು 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ಮತ್ತು ಹೈಡೆಲ್‌ಬರ್ಗ್‌ನ ಫ್ರಾಂಕ್ ವಿಂಕ್ಲರ್ ತಂಡಗಳು ತೋರಿಸಿದವು. ನರಕೋಶ ಗ್ಲುಟಮೇಟ್ ಎಂಬ ಸಂಕೇತ ರಾಸಾಯನಿಕವನ್ನು ಸುರಿದಾಗ ಗಡ್ಡೆಯ ಕೋಶದ ಆಂಪಾ ಎಂಬ ಚಾನೆಲ್ ತೆರೆದು, ಒಳಗೆ ಕ್ಯಾಲ್ಸಿಯಂ ಏರಿ, ಕೋಶಕ್ಕೆ ಬೆಳೆಯಲು, ಹರಡಲು ಕಸುವು ಬರುತ್ತದೆ. ಮಿದುಳು ಕೆಲಸ ಮಾಡಿದಷ್ಟೂ ಗಡ್ಡೆಗೆ ಉತ್ತೇಜನ. ಹಾಗಂತ ಯೋಚನೆ ಮಾಡುವುದನ್ನೇ ಬಿಡಿ ಎಂದು ರೋಗಿಗೆ ಹೇಳಲಾದೀತೆ? ಅದಕ್ಕೇ ಆಂಪಾ ಚಾನೆಲ್ಲನ್ನು ತಡೆಯುವ ಫಿಟ್ಸ್ ಮಾತ್ರೆ ಪೆರಾಂಪನೆಲ್ ಮೇಲೆ ಸಂಶೋಧಕರ ಕಣ್ಣು ಬಿದ್ದಿದೆ.

ಎಲ್ಲ ಚಾನೆಲ್‌ಗಳನ್ನೂ ಹೀಗೆ ಮುಚ್ಚಲಾಗದು. ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲ್ ಗಡ್ಡೆಯಲ್ಲೂ ಇದೆ, ಹೃದಯದಲ್ಲೂ ಇದೆ. ಅದನ್ನು ತಡೆದರೆ ಎದೆಬಡಿತದ ಲಯವೇ ತಪ್ಪೀತು. ಇನ್ನೊಂದು ಪೊಟ್ಯಾಸಿಯಂ ಚಾನೆಲ್, ಕೆಸಿಎ3.1, ಹೆಚ್ಚು ಆಸೆ ಹುಟ್ಟಿಸುತ್ತದೆ. ಗಡ್ಡೆಯ ಕೋಶಗಳು ಸಣ್ಣ ನಳಿಗೆಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅವುಗಳಲ್ಲಿ ಕೆಲವೇ ಕೋಶಗಳು ಈ ಚಾನೆಲ್ ಬಳಸಿ ತಾಳಬದ್ಧವಾಗಿ ಕ್ಯಾಲ್ಸಿಯಂ ಮಿಡಿತ ಹೊರಡಿಸಿ ಇಡೀ ಜಾಲವನ್ನು ಎಬ್ಬಿಸುತ್ತವೆಂದು 2023ರಲ್ಲಿ ತಿಳಿಯಿತು. ಇಲಿಗಳಲ್ಲಿ ಈ ಚಾನೆಲ್ಲನ್ನು ತಡೆದಾಗ ಗಡ್ಡೆಯ ಬೆಳವಣಿಗೆ ತಗ್ಗಿತು. ಇದೇ ಚಾನೆಲ್ಲನ್ನು ಮುಚ್ಚುವ ಸೆನಿಕಪಾಕ್ ಎಂಬ ಔಷಧವನ್ನು ಹಿಂದೆ ಕುಡಗೋಲು ಕಣ ರಕ್ತಹೀನತೆಯ ರೋಗಿಗಳಿಗೆ ಕೊಟ್ಟು ನೋಡಿದ್ದೂ ಉಂಟು.